ಮುತ್ಲಾ ದಿಬ್ಬದ ಹಲಗೆ

ಮೇಜಿನ ಬಟ್ಟೆಯ ಮೇಲೆ ಮೇಣದಬತ್ತಿಯ ಮೇಣ ಸುರಿದರೆ ಚಾಕುವಿನಲ್ಲಿ ಕೆರೆಯಲು ಹೋಗಬೇಡಿ, ಬಟ್ಟೆಯೇ ಹಾಳಾಗುತ್ತದೆ. ಹಳೇ ಪೇಪರು ಕೆಳಗೊಂದು ಮೇಲೊಂದು ಇಟ್ಟು ಇಸ್ತ್ರಿಪೆಟ್ಟಿಗೆ ಆಡಿಸಿ. ಮೇಣ ಕರಗಿ ಪೇಪರಿಗೆ ಹತ್ತಿಕೊಳ್ಳುತ್ತದೆ. ಈ ಉಪಾಯವನ್ನು ನನ್ನ ಹೆಂಡತಿ ಸುಮಾಗೆ ಹೇಳಿಕೊಟ್ಟವನು ನಾನೇ. ಮೊನ್ನೆ ಮೈಸೂರಿನ ನಮ್ಮ ಮನೆಯಲ್ಲಿ ರಾತ್ರಿ ಕರೆಂಟು ಹೋಗಿ, ಊಟದ ಮೇಜಿನ ಮೇಲಿಟ್ಟ ಬತ್ತಿ ವಾಲಿ, ಹೊಸ ಬಟ್ಟೆಯ ಮೇಲೆಲ್ಲ ಮೇಣ. ಬೆಳಿಗ್ಗೆ ಅವಳು ಪೇಪರು ಇಟ್ಟು ಇಸ್ತ್ರಿ ಮಾಡತೊಡಗಿದಳು. ಕಾದ ಮೇಣದ ವಾಸನೆ ಹಜಾರಕ್ಕೆ ಬಂತು. ನಾನು ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದು ಹೊರಗೆ ಹೋಗಿ ಗೇಟಿನ ಹತ್ತಿರ ನಿಂತೆ.

"ಎಷ್ಟು ವರ್ಷ ಆಯ್ತು ಕಣ್ರೀ, ಇನ್ನೂ ಅದೇನಾ?" ಅಂದಳು ಒಳಗಿನಿಂದ. "ಇವತ್ತು ಅಣ್ಣ ತಿಂಡಿಗೆ ಬರ್ತಾನೆ. ಮುಖ ಸ್ವಲ್ಪ ಸರಿ ಇಟ್ಕೊಳಿ."

ಅವಳ ಅಣ್ಣ ಅಂದರೆ ಪರಮೇಶಿ ಭಾವ. ನನ್ನನ್ನು ಕುವೈತಿಗೆ ಕರೆಸಿಕೊಂಡ ಪುಣ್ಯಾತ್ಮ. ಈ ಬರಹದಲ್ಲಿ ಅವರ ಪಾಲು ದೊಡ್ಡದು.

ಅದು ಎರಡು ಸಾವಿರದ ಐದು ಮುಗಿದು ಆರು ಹುಟ್ಟುವ ಚಳಿಗಾಲ. ನಾವು ಮಂಗಫ್‌ನಲ್ಲಿದ್ದೆವು. ಬೆಳಗಾದರೆ ರಿಫೈನರಿ ಬಸ್ಸುಗಳು ಹಾರ್ನ್ ಹೊಡೆಯುವ ಬೀದಿ, ಮೂರನೇ ಮಹಡಿಯ ಮನೆ. ನನ್ನ ಗೋಡೌನು ಅರ್ದಿಯಾದಲ್ಲಿ. ಕೆಲಸ ಮುಗಿಸಿ ಊರಿಗೆ ಹೊರಟವರ ಮನೆ ಸಾಮಾನನ್ನು ಒಟ್ಟಿಗೆ ಕೊಂಡು, ತೊಳೆದು, ತಿಕ್ಕಿ, ಶುಕ್ರವಾರದ ಸಂತೆಯಲ್ಲಿ ಮಾರುವುದು ನನ್ನ ಕಸುಬು. ಅರಸೀಕೆರೆಯಲ್ಲಿ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುತ್ತಿದ್ದವನು ನಾನು. ಯಾವ ಕಾಲೇಜೂ ಕಲಿಸದ ಒಂದೆರಡು ಮಾತು ನನ್ನ ಹತ್ತಿರ ಇವೆ, ಬೇಕಾದವರು ತಗೊಳ್ಳಿ. ಬಿಟ್ಟು ಹೋಗುವವರ ಮನೆಗೆ ಕೊನೆಯ ವಾರವೇ ಹೋಗಬೇಕು. ಮುಂಚೆ ಹೋದರೆ ಅವರಿಗೆ ಸಾಮಾನಿನ ಮೇಲೆ ಇನ್ನೂ ಪ್ರೀತಿ ಇರುತ್ತದೆ. ನಿಮಗೆ ಬೇಕಾದ ವಸ್ತುವನ್ನು ನೋಡಬಾರದು, ಬೇಡದ್ದನ್ನು ಮುಟ್ಟಿ ಮುಟ್ಟಿ ನೋಡಬೇಕು. ಮತ್ತೆ, ನಿಮ್ಮ ಗೋಡೌನಿನಲ್ಲಿರುವ ಯಾವುದನ್ನೂ 'ನಂದು' ಅನ್ನಬಾರದು. ಅಂದ ದಿನವೇ ನೀವು ವ್ಯಾಪಾರಿ ಅಲ್ಲ.

ಕಡಲ ದಾರಿಯ ಒಂದು ಬಂಗಲೆಯಲ್ಲಿದ್ದ ಯುರೋಪಿನ ಎಂಜಿನಿಯರೊಬ್ಬ ದೇಶ ಬಿಡುತ್ತಿದ್ದ. ಸೋಫಾ, ಫ್ರಿಜ್ಜು, ತೋಟದ ಕುರ್ಚಿಗಳ ಜೊತೆಗೆ ಗ್ಯಾರೇಜಿನ ಮೂಲೆಯಿಂದ ಒಂದು ಉದ್ದನೆಯ ಹಲಗೆಯೂ ಲಾರಿ ಹತ್ತಿತು. ಎರಡು ತುದಿಯೂ ದೋಸೆ ಮೊಗಚುವ ಸಟ್ಟುಗದ ಹಾಗೆ ಮೇಲಕ್ಕೆ ಬಾಗಿವೆ, ಬೆನ್ನಿನ ಮೇಲೆ ಕಾಲು ಕಟ್ಟುವ ಎರಡು ಜೊತೆ ಪಟ್ಟಿ, ಅಂಚಿಗೆಲ್ಲ ಉಕ್ಕಿನ ಗೀರು. ಪಕ್ಕದ ಗೋಡೌನಿನ ಪೆಶಾವರದ ಖಾನ್ ಭಾಯಿ ಅದನ್ನು ಎತ್ತಿ ಹಿಡಿದು ತಿರುಗಿಸಿ ನೋಡಿದ.

"ಇಸ್ತ್ರಿ ಕಾ ಟೇಬಲ್ ಹೈ ಭಾಯಿ? ಟಾಂಗ್ ಕಹಾಂ ಹೈ?" ಎಂದು ಅದರ ಕಾಲುಗಳಿಗಾಗಿ ಲಾರಿಯೊಳಗೆಲ್ಲ ಹುಡುಕಿದ.

ಸಂತೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ. ಒಬ್ಬ ಈಜಿಪ್ಟಿನವನು ಅಂಗಡಿಯ ಶೆಲ್ಫಿಗೆ ಆಗುತ್ತಾ ಅಂತ ಅಳತೆ ತೆಗೆದು, ಬಾಗಿದ ತುದಿ ನೋಡಿ ನಕ್ಕು ಹೋದ. ಒಂದು ದಿನ ನನ್ನ ಮಗಳು ಮೇಘನಾ, ಹನ್ನೆರಡನೇ ಕ್ಲಾಸಿನವಳು, ಸ್ಕೂಲಿನಿಂದ ಗೋಡೌನಿಗೆ ಬಂದವಳು ಅದರ ಮುಂದೆ ನಿಂತುಬಿಟ್ಟಳು.

"ಅಪ್ಪಾ! ದಿಸ್ ಈಸ್ ಎ ಸ್ನೋಬೋರ್ಡ್. ಆಲ್-ಮೌಂಟನ್!"

"ಹಂಗಂದ್ರೆ?"

"ಎನಿ ಮೌಂಟನ್, ಎನಿ ಸ್ನೋ."

"ಎಲ್ಲಾ ಬೆಟ್ಟಕ್ಕೂ ಆಗತ್ತೆ ಅಂತಾಯ್ತು. ಈ ದೇಶದಲ್ಲಿ ಬೆಟ್ಟಾನೇ ಇಲ್ವಲ್ಲಮ್ಮ."

ಅವಳು ನಕ್ಕಳು. ನನಗೆ ಆಶ್ಚರ್ಯವಾದದ್ದು ಆ ನಗು. ಯಾಕೆಂದರೆ ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಪರೀಕ್ಷೆ ಮುಗಿದ ಮೇಲೆ ಅವಳು ಮೈಸೂರಿನ ಹಾಸ್ಟೆಲಿಗೆ ಹೋಗಬೇಕು. ಕುವೈತಿನಲ್ಲಿ ನಮ್ಮಂಥವರ ಮಕ್ಕಳು ಹನ್ನೆರಡನೇ ಕ್ಲಾಸು ಮುಗಿದ ಮೇಲೆ ಊರ ದಾರಿ ಹಿಡಿಯಲೇಬೇಕು, ಬೇರೆ ಗತಿಯಿಲ್ಲ. ಅವಳು ಹುಟ್ಟಿದ್ದೇ ಆ ಮರಳಿನಲ್ಲಿ. ಮೈಸೂರು ಅಂದರೆ ಅವಳಿಗೆ ರಜೆಯಲ್ಲಿ ಸೊಳ್ಳೆ ಕಚ್ಚುವ ಊರು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಅರ್ಧ ಮಾತಿನ ಉತ್ತರ, ಆಮೇಲೆ ಕೋಣೆಯ ಬಾಗಿಲು. ಆ ಚಳಿಗಾಲವೇ ಅವಳು ನಮ್ಮ ಜೊತೆ ಇರುವ ಕೊನೆಯ ಚಳಿಗಾಲ. ಮಾತು ಸರಿಹೋಗದೆ ಅವಳು ವಿಮಾನ ಹತ್ತಿದರೆ ಆಮೇಲೆ ಯಾವತ್ತೂ ಸರಿಹೋಗುವುದಿಲ್ಲ ಎಂಬುದು ನನ್ನ ಭಯ.

"ಬೆಟ್ಟ ಇಲ್ದಿದ್ರೆ ಮುತ್ಲಾ ಇದೆ," ಅಂದೆ.

ಊರು ಬಿಟ್ಟು ಜಹ್ರಾ ದಾಟಿ ಉತ್ತರಕ್ಕೆ ಹೋದರೆ ಸಿಗುವ ದಿಬ್ಬ ಅದು. ಚಾಮುಂಡಿ ಬೆಟ್ಟ ನೋಡಿದವರು ಅದನ್ನು ಬೆಟ್ಟ ಅನ್ನಲಾರರು. ಆದರೆ ಸಪಾಟು ನೆಲದಲ್ಲಿ ಅದೇ ರಾಜ. ಅದರ ಮಗ್ಗುಲಿಗೆ ಗಾಳಿ ತಂದು ಒರಗಿಸಿದ ಮರಳಿನ ಕಡಿದಾದ ಇಳಿಜಾರು. ಚಳಿ ಬಂತೆಂದರೆ ಕುವೈತಿಗಳೆಲ್ಲ ಮನೆ ಬಿಟ್ಟು ಆ ಬಯಲಿನಲ್ಲಿ ಡೇರೆ ಹಾಕುತ್ತಾರೆ. ಮಾರ್ಚಿನ ತನಕ ಅಲ್ಲೇ ಅಡುಗೆ, ಅಲ್ಲೇ ಹರಟೆ. ಡೇರೆಗಳಿದ್ದ ಕಡೆ ಮಾತ್ರ ನಾವು ಕಾಲಿಡುತ್ತಿದ್ದೆವು. ಯುದ್ಧ ಮುಗಿದು ಎಷ್ಟೋ ವರ್ಷವಾಗಿದ್ದರೂ ಗುರುತಿಲ್ಲದ ಮರಳಿನೊಳಗೆ ಯಾವ ನೆಲಬಾಂಬು ಮಲಗಿದೆಯೋ ಯಾರಿಗೆ ಗೊತ್ತು.

ಮಗಳಿಗೆ ಸ್ಕೂಲಿಗೆ ರಜೆ ಶುಕ್ರವಾರ, ನನಗೆ ಅದು ಸಂತೆಯ ದಿನ. ಆ ದಿನ ಅಂಗಡಿ ಬಿಟ್ಟು ಹೋಗುವುದೆಂದರೆ ಮದುವೆ ದಿನ ಛತ್ರ ಬಿಟ್ಟು ಹೋದ ಹಾಗೆ. ನನ್ನ ಜಾಗದಲ್ಲಿ ಖಾನ್ ಭಾಯಿಯನ್ನು ಕೂರಿಸಿ ಹೊರಟೆ.

ಮೊದಲ ದಿನ ಹಲಗೆ ನಮ್ಮ ಮಾನ ತೆಗೆಯಿತು. ಬೂಟು ಎಂಜಿನಿಯರನದು, ಮಗಳು ಮೂರು ಜೊತೆ ಕಾಲುಚೀಲ ಹಾಕಿ ತುಂಬಿಸಿದ್ದಳು. ಪಟ್ಟಿ ಬಿಗಿದು ನಿಂತು, ಮೈ ಮುಂದಕ್ಕೆ ಬಿಟ್ಟಳು. ಹಲಗೆ ಒಂದು ಮಾರು ಜಾರಿ ಗಕ್ಕನೆ ನಿಂತಿತು. ಅವಳು ನಿಲ್ಲಲಿಲ್ಲ, ಮೂತಿ ಮುಂದಾಗಿ ಮರಳಿಗೆ ಬಿದ್ದಳು. ಹಿಮದಲ್ಲಿ ಹಿಡಿತ ಕೊಡಲೆಂದು ಮಾಡಿದ ಉಕ್ಕಿನ ಅಂಚು ಮರಳಿನಲ್ಲಿ ನೇಗಿಲಾಗುತ್ತದೆ. ತಳವೋ ಪ್ಲಾಸ್ಟಿಕ್ಕಿನಂಥದು, ಮರಳು ಅದಕ್ಕೆ ಉಜ್ಜಿ ಬೆಳ್ಳಗೆ ಗೀರಿ ಹಾಕಿತು. ಒಂದು ಡೇರೆಯ ಮುದುಕ ಖರ್ಜೂರ ಜಗಿಯುತ್ತಾ ನಮ್ಮನ್ನೇ ನೋಡುತ್ತಿದ್ದ, ಟೀವಿ ನೋಡುವ ಹಾಗೆ.

"ಲೆಟ್ಸ್ ಗೋ ಹೋಮ್," ಅಂದಳು, ಬಾಯಿಯ ಮರಳು ಉಗಿದು.

ನಾನು ಸಾಮಾನಿನ ಮುಂದೆ ಸೋತವನಲ್ಲ. ಅರ್ದಿಯಾದಲ್ಲಿ ಮರಗೆಲಸದವರ ಹತ್ತಿರ ಸನ್‌ಮೈಕಾ ಶೀಟಿನ ತುಂಡು ತಂದು ತಳಕ್ಕೆ ಅಂಟಿಸಿದೆ, ಮೇಲೆ ಎರಡು ಚೀಲ ಸಿಮೆಂಟು ಹೇರಿ ಒಣಗಿಸಿದೆ. ಅಂಚಿನ ಉಕ್ಕನ್ನು ಅರ ಹಾಕಿ ಮೊಂಡು ಮಾಡಿದೆ. ಬೆಲೆ ಬಾಳುವ ಸಾಮಾನಿನ ಬೆಲೆಯನ್ನು ನನ್ನ ಕೈಯಾರೆ ತೆಗೆದದ್ದು ಅದೇ ಮೊದಲು. ಮಗಳು ಮೇಣದಬತ್ತಿ ತುರಿದು ತಳದ ಮೇಲೆ ಉದುರಿಸಿದಳು, ನಾನು ಇಸ್ತ್ರಿಪೆಟ್ಟಿಗೆ ಆಡಿಸಿದೆ. ಮನೆಯೆಲ್ಲ ಕಾದ ಮೇಣದ ವಾಸನೆ. ಸುಮಾ ಮೂಗು ಮುಚ್ಚಿಕೊಂಡು, "ನಾಳೆ ಅಂಗಿಗೆಲ್ಲ ಮೇಣ ಹತ್ತಲಿ, ಹೇಳ್ತೀನಿ," ಅಂದಳು. ಹತ್ತಿತು ಕೂಡ. ಪೇಪರು ಇಟ್ಟು ಇಸ್ತ್ರಿ ಮಾಡುವ ಉಪಾಯ ನಾನು ಕಂಡುಕೊಂಡದ್ದು ಆವಾಗಲೇ.

ಮುಂದಿನ ವಾರ ಅದು ಓಡಿತು.

ಹೇಗೆ ಓಡಿತು ಎಂದು ಹೇಳಬೇಕು, ಯಾಕೆಂದರೆ ಎಲ್ಲಕ್ಕೂ ಆಗುತ್ತದೆ ಎಂದು ಹೇಳಿಕೊಳ್ಳುವ ಸಾಮಾನನ್ನು ನಾನು ಯಾವತ್ತೂ ನಂಬಿದವನಲ್ಲ. ಹಾಸಿಗೆಯೂ ಆಗುವ ಸೋಫಾ ಕೂರುವುದಕ್ಕೂ ಸುಖವಿಲ್ಲ, ಮಲಗುವುದಕ್ಕೂ ಇಲ್ಲ. ಈ ಹಲಗೆ ಆ ಜಾತಿಯದಲ್ಲ. ಬೆಳಿಗ್ಗೆ ಇಬ್ಬನಿ ಕುಡಿದ ಮರಳಿನ ಮೇಲೆ ಅದು ಸೋಮಾರಿ. ಎಳೆದರೂ ಬಾರದ ಎಮ್ಮೆ. ಬಿಸಿಲು ಏರಿ ಮೇಲಿನ ಪದರ ಒಣಗಿ, ಕೆಳಗಿನದು ಇನ್ನೂ ಗಟ್ಟಿ ಇರುವ ಹೊತ್ತಿದೆಯಲ್ಲ, ಆವಾಗ ಅದರ ನಿಜವಾದ ಗುಣ. ಮೈ ತೂಕ ಹಿಂಗಾಲಿಗೆ ಹಾಕಿದರೆ ಮೂತಿ ತಾನಾಗಿ ಎದ್ದು ಮರಳಿನ ಮೇಲೆ ತೇಲುತ್ತದೆ. ಜರಡಿಯಲ್ಲಿ ರಾಗಿ ಹಿಟ್ಟು ಆಡಿಸಿದ ಹಾಗೆ ಸದ್ದು. ತಿರುಗಿಸಲು ಕಾಲಿನ ಬಲ ಬೇಡ, ಹೆಗಲು ಯಾವ ಕಡೆ ನೋಡುತ್ತದೋ ಅದು ಅತ್ತ ಹೋಗುತ್ತದೆ. ನಡುವೆ ಮರಳು ಹೋಗಿ ಬರೀ ಗಟ್ಟಿ ನೆಲ ಬಂದಲ್ಲಿ ಹಲಗೆ ಪಾದದ ಕೆಳಗೆ ನಡುಗುತ್ತದೆ, ಆದರೆ ಬಿಟ್ಟುಹೋಗುವುದಿಲ್ಲ. ಮೆದುವಲ್ಲ, ಬಿರುಸೂ ಅಲ್ಲ. ಮಧ್ಯೆ ಸ್ವಲ್ಪ ಬಳುಕಿ, ಗುದ್ದನ್ನು ತಾನು ನುಂಗಿ, ಮಂಡಿಗೆ ಅರ್ಧ ಮಾತ್ರ ಕಳಿಸುತ್ತದೆ. ಒಳ್ಳೆ ಸೈಕಲ್ಲಿನ ಗುಣ. ಅದರ ಕೆಟ್ಟ ಗುಣ ಒಂದೇ: ಹೆದರಿ ಮೈ ಹಿಂದಕ್ಕೆ ಪೂರ್ತಿ ಎಳೆದುಕೊಂಡಿರೋ, ಬಾಲ ಹೂತು ನಿಮ್ಮನ್ನು ಕೂರಿಸಿಬಿಡುತ್ತದೆ. ಅನುಮಾನ ಇಟ್ಟುಕೊಂಡವರನ್ನು ಅದು ಕೂಡಲೇ ಕಂಡುಹಿಡಿಯುತ್ತದೆ.

ಇದನ್ನೆಲ್ಲ ಮಗಳು ಹೇಳಿದ್ದು ಅಂದುಕೊಳ್ಳಬೇಡಿ. ನಾನೂ ಹತ್ತಿದೆ. ಹೊಟ್ಟೆ ಬಂದ, ತಲೆ ನರೆತ ಮನುಷ್ಯ, ಟ್ರ್ಯಾಕ್‌ಪ್ಯಾಂಟು ಹಾಕಿಕೊಂಡು. ಅರ್ಧ ಇಳಿಜಾರಿನಿಂದ ಹೊರಟು ಬುಡದ ತನಕ ಬೀಳದೆ ಬಂದೆ. ಕಣ್ಣಲ್ಲಿ ನೀರು, ಗಾಳಿಗೋ ಯಾತಕ್ಕೋ. ಡೇರೆಯ ಮುದುಕ ಚಪ್ಪಾಳೆ ತಟ್ಟಿ, "ಯಲ್ಲಾ, ಹಿಂದಿ, ಇನ್ನೊಂದು ಸಲ!" ಎಂದು ಕೂಗಿದ. ಹಿಂದಿ ಅಂದರೆ ಅವರ ಮಾತಿನಲ್ಲಿ ಇಂಡಿಯಾದವನು. ನಾನು ಅವನಿಗೆ ಸಲಾಮು ಹೊಡೆದೆ.

"ಅಪ್ಪಾ, ಯು ಲುಕ್ ಲೈಕ್ ಎ ಫ್ಲೈಯಿಂಗ್ ಇಡ್ಲಿ!" ಎಂದು ಮಗಳು ಹೊಟ್ಟೆ ಹಿಡಿದು ನಕ್ಕಳು.

ಇಳಿಯುವುದು ಒಂದು ಉಸಿರು. ಹತ್ತುವುದೇ ಕೆಲಸ. ಮೇಲೆಳೆಯುವ ಯಂತ್ರವಿಲ್ಲ, ಏನಿಲ್ಲ. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುವ ಮರಳು. ಹಲಗೆಯ ಒಂದು ತುದಿ ಅವಳ ಹೆಗಲ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಮುಖ ಮುಖ ಕಾಣದ ಆ ಹತ್ತುವಿಕೆಯಲ್ಲೇ ಅವಳು ಮಾತಾಡತೊಡಗಿದಳು. ಒಂದು ವಾರ ಸ್ಕೂಲಿನ ಗೆಳತಿಯರು, ಇನ್ನೊಂದು ವಾರ ಹಾಸ್ಟೆಲಿನ ಹೆದರಿಕೆ. ಅಲ್ಲಿ ತನ್ನ ಕನ್ನಡ ಕೇಳಿ ನಗುತ್ತಾರೆ ಅಂದಳು. ನಗಲಿ ಬಿಡು, ನನ್ನ ಅರಬ್ಬಿ ಕೇಳಿ ಈ ದೇಶವೇ ನಗುತ್ತದೆ, ಆದರೂ ಸಾಮಾನು ಕೊಡುತ್ತಾರಲ್ಲ ಅಂದೆ. ಒಂದು ದಿನ ಅರ್ಧ ದಾರಿಯಲ್ಲಿ ನಿಂತು ಕೇಳಿದಳು:

"ಅಪ್ಪಾ, ವಿಲ್ ಯು ಸೆಲ್ ದಿಸ್?"

"ಇಲ್ಲ. ಇದು ನಿಂದು. ಮೈಸೂರಿಗೂ ನಿನ್ ಜೊತೇನೇ ಬರತ್ತೆ."

ಗೋಡೌನಿನ ಸಾಮಾನನ್ನು ಒಬ್ಬರ ಸ್ವಂತದ್ದು ಎಂದು ನಾನು ಒಪ್ಪಿದ್ದು ಅದೊಂದೇ ಸಲ. ಹಲಗೆಯ ಭಾರ ನನ್ನ ಕಡೆ ಸ್ವಲ್ಪ ಹಗುರಾಯಿತು. ಅವಳು ತನ್ನ ಹೆಗಲಿಗೆ ಹೆಚ್ಚು ತೆಗೆದುಕೊಂಡಿದ್ದಳು. ಇನ್ನು ಒಂದೇ ಆಸೆ ಉಳಿದಿತ್ತು ಅವಳಿಗೆ. ಅರ್ಧದಿಂದಲ್ಲ, ದಿಬ್ಬದ ನೆತ್ತಿಯಿಂದ ಬುಡದ ತನಕ, ಒಂದು ಸಲವಾದರೂ ಬೀಳದೆ ಬರಬೇಕು. ನೆತ್ತಿಯ ಹತ್ತಿರ ಇಳಿಜಾರು ಗೋಡೆಯ ಹಾಗಿದೆ. ವಾರ ವಾರವೂ ಅಲ್ಲೇ ಬೀಳುತ್ತಿದ್ದಳು.

ಇನ್ನು ಭಾವನ ವಿಷಯಕ್ಕೆ ಬರುತ್ತೇನೆ.

ಪರಮೇಶಿ ಭಾವ ನಮ್ಮ ಕಫೀಲ್ ಅಬು ನಾಸಿರ್ ಅವರ ಆಫೀಸು ನೋಡಿಕೊಳ್ಳುತ್ತಿದ್ದರು. ಕಫೀಲ್ ಅಂದರೆ ಗೊತ್ತಲ್ಲ, ನಮ್ಮ ಹೆಸರಿನಲ್ಲಿ ಅಲ್ಲಿ ಒಂದು ಮೊಳೆಯೂ ಇರುವುದಿಲ್ಲ; ಅಂಗಡಿಯ ಲೈಸೆನ್ಸು ಅವರ ಹೆಸರಲ್ಲಿ, ನಾವು ಆ ದೇಶದಲ್ಲಿ ಉಸಿರಾಡುವ ಇಕಾಮಾ, ಅಂದರೆ ವಾಸದ ಪರವಾನಗಿ, ಅವರ ಸಹಿಯಲ್ಲಿ. ಭಾವನಿಗೆ ಅರಬ್ಬಿ ನೀರು ಕುಡಿದಷ್ಟು ಸಲೀಸು. ಅರಬ್ಬರಿಗಿಂತ ಹೆಚ್ಚು ಅರಬ್ಬರ ಮರ್ಯಾದೆಗಳು ನನಗೆ ಗೊತ್ತು ಎಂದು ಹೇಳಿಕೊಳ್ಳುವರು. ಫೆಬ್ರವರಿಯ ಒಂದು ಶುಕ್ರವಾರ ಫೋನು ಮಾಡಿದರು.

"ಮುತ್ಲಾದಲ್ಲೇ ಅಬು ನಾಸಿರ್ ಡೇರೆ ಹಾಕ್ಸಿದಾರೆ. ನಿಮ್ಮನ್ನೆಲ್ಲ ಊಟಕ್ಕೆ ಕರ್ಕೊಂಡ್ ಬಾ ಅಂದಿದಾರೆ. ಬಿಳೀ ಅಂಗಿ ಹಾಕ್ಕೊಂಡ್ ಬಾರಯ್ಯ, ಗೋಡೌನ್ ವೇಷದಲ್ಲಿ ಬರ್ಬೇಡ."

ಡೇರೆಯಲ್ಲಿ ಕಂಬಳಿ, ದಿಂಬು, ಕೆಂಡದ ಮೇಲೆ ಕಾಫಿ. ಸುಮಾ ಹೆಂಗಸರ ಡೇರೆಗೆ ಹೋದಳು. ಅಬು ನಾಸಿರ್ ತೂಕದ ಮನುಷ್ಯ, ಮೆಲ್ಲಗೆ ಮಾತಾಡುವರು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಡೇರೆಯ ಬಾಯಿಗೆ ನೇರವಾಗಿ ಇಳಿಜಾರು ಕಾಣುತ್ತಿತ್ತು. ಊಟಕ್ಕೆ ಮುಂಚೆ ಮಗಳು ಹಲಗೆ ಹೊತ್ತು ಒಬ್ಬಳೇ ಹತ್ತಿದಳು. ನಾನು ಕಾಫಿ ಬಟ್ಟಲು ಹಿಡಿದುಕೊಂಡು, ಕುಡಿಯುವುದು ಮರೆತು ನೋಡುತ್ತಿದ್ದೆ.

ನೆತ್ತಿಯಲ್ಲಿ ಒಂದು ಚುಕ್ಕೆ. ಚುಕ್ಕೆ ಜಾರತೊಡಗಿತು. ಗೋಡೆಯಂಥ ಕಡೆ ಹಲಗೆಯನ್ನು ಅಡ್ಡ ತಿರುಗಿಸಿ, ಮತ್ತೆ ನೇರ ಮಾಡಿ, ಮೊಣಕಾಲು ಬಾಗಿಸಿ ಇಳಿದಳು. ಹಿಂದೆ ಮರಳು ಹೊಗೆಯ ಹಾಗೆ ಎದ್ದಿತ್ತು. ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೆ. ಬುಡದ ಸಪಾಟಿನಲ್ಲಿ ತೇಲಿಕೊಂಡು ಬಂದು, ನಿಧಾನಕ್ಕೆ ನಿಂತು, ಎರಡು ಕೈ ಮೇಲೆತ್ತಿದಳು. ಬೀಳಲಿಲ್ಲ. ಡೇರೆಯಲ್ಲಿದ್ದವರೆಲ್ಲ ಹೋ ಎಂದರು. ನನ್ನ ಕೈಯ ಕಾಫಿ ಬಿಳೀ ಅಂಗಿಯ ಮೇಲೆ ಚೆಲ್ಲಿತ್ತು.

ಹಲಗೆ ಹಿಡಿದುಕೊಂಡೇ ಡೇರೆಗೆ ಓಡಿ ಬಂದಳು, ಹುಬ್ಬಿನ ತುಂಬ ಮರಳು. ಅಬು ನಾಸಿರ್ ಎದ್ದು ನಿಂತು, "ಮಾಶಾಲ್ಲಾ! ಎಂಥ ಹಲಗೆ, ಎಂಥ ಹುಡುಗಿ!" ಅಂದರು. ಅವರ ಮಗ ನಾಸಿರ್, ಪ್ರತಿ ವರ್ಷ ಹಿಮದ ಬೆಟ್ಟಕ್ಕೆ ಹೋಗಿಬರುವ ಯುವಕ, ಹಲಗೆಯ ಮೂತಿಯನ್ನು ಬೆರಳಲ್ಲಿ ಮುಟ್ಟಿ ತಲೆದೂಗಿದ.

ಆವಾಗ ಭಾವ ಹೇಳಿದರು: "ತಫದ್ದಲ್. ಇದು ನಿಮ್ಮದೇ."

ಇದು ಅಲ್ಲಿಯ ರಿವಾಜು. ನಿಮ್ಮ ಗಡಿಯಾರವನ್ನು ಯಾರಾದರೂ ಹೊಗಳಿದರೆ, ತಗೊಳ್ಳಿ, ನಿಮ್ಮದೇ ಅನ್ನಬೇಕು. ಹೊಗಳಿದವರು ಬೇಡ, ನಿಮ್ಮ ಕೈಯಲ್ಲೇ ಚೆನ್ನಾಗಿರಲಿ ಅನ್ನಬೇಕು. ಅಲ್ಲಿಗೆ ಮುಗಿಯಿತು, ಗಡಿಯಾರ ನಿಮ್ಮ ಕೈಯಲ್ಲೇ ಇರುತ್ತದೆ. ಅಬು ನಾಸಿರ್ ಹಾಗೇ ಎದೆಯ ಮೇಲೆ ಕೈಯಿಟ್ಟು, "ಬೇಡ ಬೇಡ, ಮಗುವಿಗೆ ಶುಭವಾಗಲಿ," ಅಂದರು.

ಭಾವ ಅಲ್ಲಿಗೆ ಬಿಡಬೇಕಿತ್ತು. "ಅಯ್ಯೋ, ಅದರಲ್ಲೇನಿದೆ? ತಗೊಳ್ಳಿ," ಅಂದರು.

"ವಲ್ಲಾಹಿ, ಬೇಡ. ಅದು ಹುಡುಗಿಯದು."

ಹಲಗೆ ಉಳಿಯಿತು ಅಂದುಕೊಂಡೆ. ಆದರೆ ನಮ್ಮ ಜನ ಎಲ್ಲಿಗೆ ಹೋದರೂ ಪಂಕ್ತಿಯ ಊಟ ತಲೆಯಿಂದ ಹೋಗುವುದಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಸಾಕು ಅಂದವರಿಗೂ ಬೆರಳ ಸಂದಿಯಲ್ಲಿ ಪಾಯಸ ಸುರಿಯುವವರು ನಾವು. ಮೂರನೆಯ ಸಲ ಒತ್ತಾಯ ಮಾಡದಿದ್ದರೆ ಅದು ಉಪಚಾರವೇ ಅಲ್ಲ. ಭಾವ ಮಗಳ ಕೈಯಿಂದ ಹಲಗೆಯನ್ನು ಬಿಡಿಸಿಕೊಂಡು, ಅಬು ನಾಸಿರ್ ಕಾಲ ಹತ್ತಿರ ಕಂಬಳಿಯ ಮೇಲೆ ಇಟ್ಟು ಹೇಳಿದರು:

"ನೀವು ತಗೊಳ್ಳದೇ ಹೋದ್ರೆ ನಮಗೆ ಅವಮಾನ."

ಡೇರೆಯಲ್ಲಿ ಹತ್ತು ಜನರ ಮುಂದೆ ಆಡಿದ ಮಾತು. ಇನ್ನು ಬೇಡ ಅಂದರೆ ಅವಮಾನ ಮಾಡಿದವರು ಅವರಾಗುತ್ತಾರೆ. ಅಬು ನಾಸಿರ್ ಮುಖ ಒಂದು ಗಳಿಗೆ ಕಳೆಗುಂದಿತು. ಅವರು ನನ್ನ ಕಡೆ ನೋಡಿದರು. ಆ ನೋಟಕ್ಕೆ ನಾನು ಏನಾದರೂ ಹೇಳಬಹುದಿತ್ತಲ್ಲ ಎಂದು ಕೇಳುವವರು ಇನ್ನೊಬ್ಬರ ಸಹಿಯಲ್ಲಿ ಬದುಕಿದವರಲ್ಲ ಬಿಡಿ. ಅಬು ನಾಸಿರ್ ಬಾಗಿ ಹಲಗೆಯನ್ನು ಮುಟ್ಟಿ, ಅದೇ ಕೈಯನ್ನು ಎದೆಗೆ ಮುಟ್ಟಿಸಿಕೊಂಡರು. ಖಲಾಸ್.

"ಮಾಮ?" ಅಂದಳು ಮಗಳು. ಅಷ್ಟೇ. ಮಾಮ ಅವಳ ತಲೆ ಸವರಿ, "ಹೋಗ್ಲಿ ಬಿಡೆ, ಪರೀಕ್ಷೆಗೆ ಓದ್ಕೊ," ಅಂದರು.

ವಾಪಸು ಬರುವಾಗ ಕಾರಿನಲ್ಲಿ, ಫಹಾಹೀಲ್ ರಸ್ತೆಗೆ ಬಂದ ಮೇಲೆ ಸುಮಾ, "ಅಣ್ಣ ನಮ್ಮ ಒಳ್ಳೇದಕ್ಕೇ ಮಾಡಿದ್ದು," ಅಂದಳು. ಹಿಂದಿನ ಸೀಟಿನಲ್ಲಿ ಬೂಟುಗಳು ಮಾತ್ರ ಇದ್ದವು, ಮಗಳ ತೊಡೆಯ ಮೇಲೆ.

ಮಾರನೆಯ ದಿನ ಭಾವನ ಆಫೀಸಿಗೆ ಹೋದೆ.

"ಅವರು ಎರಡು ಸಲ ಬೇಡ ಅಂದ್ರು. ಮೂರನೇ ಸಲ ಯಾಕೆ ಹೇಳಿದ್ರಿ?"

"ಉಪಚಾರ ಕಣಯ್ಯ ಅದು! ಬೇಡ ಅಂದೋರೆಲ್ಲ ನಿಜವಾಗ್ಲೂ ಬೇಡ ಅಂತಾನೇ ಅಂತಾರಾ? ಸಂಕೋಚ ಪಟ್ಕೊಂಡ್ರು ಅಂದ್ಕೊಂಡೆ."

"ನನ್ನ ಮಗಳ ಸಾಮಾನು ಅದು."

"ಯಾವಾಗ್ಲಿಂದ? ನಿನ್ ಗೋಡೌನಲ್ಲಿ ಮಾರೋಕ್ಕಿಲ್ದೇ ಇರೋದು ಏನಿದೆ? ಇನ್ನೊಂದ್ ತಂದ್ಕೊಡು. ನಿನ್ ಇಕಾಮಾ ರಿನ್ಯೂ ಬರೋ ತಿಂಗಳೇ, ನೆನಪಿದೆ ತಾನೆ? ಕೊಟ್ಟಿದ್ದನ್ನ ವಾಪಸ್ ಕೇಳಿದ್ರೆ ನನ್ ಮುಖ ಎಲ್ಲಿಟ್ಕೊಳ್ಲಿ?"

ಅವರಿಗೆ ಕೊನೆಯ ತನಕ ಅರ್ಥವಾಗಲಿಲ್ಲ, ಅದೇ ನನ್ನ ಸಂಕಟ. ಕದ್ದವನನ್ನು ಬೈಯಬಹುದು. ಉಪಚಾರ ಮಾಡಿದವನನ್ನು ಏನೆಂದು ಬೈಯುತ್ತೀರಿ? ಆ ವಾರವೇ ಅಬು ನಾಸಿರ್ ಕಡೆಯಿಂದ ಡ್ರೈವರ್ ಬಂದ. ಉಡುಗೊರೆಗೆ ಪ್ರತಿಯಾಗಿ ಒಂದು ದೊಡ್ಡ ಪೆಟ್ಟಿಗೆ ಖರ್ಜೂರ, ಮಗಳಿಗೆಂದು ಊದಿನ ಅತ್ತರು. ಕೊಟ್ಟದ್ದಕ್ಕಿಂತ ಮೇಲಾದದ್ದನ್ನು ಮರಳಿ ಕಳಿಸಿದ್ದರು, ದೊಡ್ಡವರು. ಖರ್ಜೂರವನ್ನು ಬಿಲ್ಡಿಂಗಿನವರೆಲ್ಲ ತಿಂದರು. ಅತ್ತರಿನ ಮುಚ್ಚಳ ನಮ್ಮ ಮನೆಯಲ್ಲಿ ಯಾರೂ ತೆಗೆಯಲಿಲ್ಲ.

ಮಗಳು ಮತ್ತೆ ಬಾಗಿಲು ಹಾಕಿಕೊಂಡಳು. ಈ ಸಲ ಸಿಟ್ಟಿನಿಂದ ಅಲ್ಲ, ಓದುತ್ತಿದ್ದಳು, ಊಟಕ್ಕೆ ಕರೆದರೆ ಬರುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಬಾಡಿಗೆಗೆ ಇರುವ ಸಂಭಾವಿತರ ಹಾಗೆ.

ನಾನು ಕೈಕಟ್ಟಿ ಕೂರುವವನಲ್ಲ. ಊರೆಲ್ಲ ಹೇಳಿಟ್ಟು, ಸಾಲ್ಮಿಯಾದ ಒಬ್ಬ ಲೆಬನಾನಿನವನ ಹತ್ತಿರ ಇನ್ನೊಂದು ಹಲಗೆ ಸಂಪಾದಿಸಿದೆ. ಹಳೆಯದಕ್ಕಿಂತ ಹೊಸದು, ಅವಳ ಎತ್ತರಕ್ಕೆ ಸರಿಯಾದ್ದು, ಬೂಟೂ ಅವಳ ಕಾಲಿನ ಅಳತೆಯದೇ. ಅದೂ ಆಲ್-ಮೌಂಟನ್ನೇ. ಸನ್‌ಮೈಕಾ ಅಂಟಿಸಿ, ಅಂಚು ಮೊಂಡು ಮಾಡಿ, ಮೇಣ ಹಾಕಿ, ಅವಳ ಕೋಣೆಯ ಬಾಗಿಲಿಗೆ ಒರಗಿಸಿಟ್ಟೆ. ಅವಳು ಬಾಗಿಲು ತೆಗೆದು ಅದನ್ನು ಮೇಲಿಂದ ಕೆಳಗೆ ನೋಡಿದಳು. ಹುಟ್ಟಿದಾಗಿನಿಂದ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ ಕನ್ನಡದಲ್ಲಿ ಹೇಳಿದಳು, ತಡೆದು ತಡೆದು, ಒಂದೊಂದು ಪದ ಆರಿಸಿ:

"ಬೇಡ ಅಪ್ಪ. ಇದನ್ನೂ ಯಾರಾದ್ರೂ ಹೊಗಳ್ತಾರೆ."

ನಮ್ಮ ಕಸುಬಿನಲ್ಲಿ ಬೇಡ ಅನ್ನುವುದು ಚೌಕಾಸಿಯ ಮೊದಲ ಮಾತು. ಗಿರಾಕಿ ಬೇಡ ಅಂದರೆ ನಾವು ಕುರ್ಚಿ ಎಳೆದು ಕೂರುತ್ತೇವೆ. ಆ ದಿನ ನಾನು ಹಲಗೆ ಎತ್ತಿಕೊಂಡು ಕೆಳಗಿಳಿದು, ಗಾಡಿಯಲ್ಲಿ ಹಾಕಿ, ಗೋಡೌನಿಗೆ ಹೋದೆ.

ಮಾರ್ಚಿನಲ್ಲಿ ಡೇರೆಗಳು ಕಳಚಿದವು. ಸೀಸನ್ ಮುಗಿದ ಮೇಲೆ ಉಳಿದ ಕಂಬಳಿ, ಜನರೇಟರು, ಪಾತ್ರೆ ಪಡಗ ಎಲ್ಲವನ್ನೂ ನನ್ನಂಥವರು ಒಟ್ಟಿಗೆ ಎತ್ತುವುದು ವಾಡಿಕೆ. ಅಬು ನಾಸಿರ್ ಡೇರೆಯ ಸಾಮಾನಿಗೂ ನನಗೇ ಹೇಳಿಕಳಿಸಿದ್ದರು. ಹೋದೆ. ಡೇರೆಯ ಹಿಂದೆ ಜೀಪು ನಿಲ್ಲುವ ಜಾಗದಲ್ಲಿ ಮರಳಿನಿಂದ ಒಂದು ಬಾಗಿದ ಮೂತಿ ಹೊರಗೆ ಬಂದಿತ್ತು. ಎಳೆದೆ. ಸನ್‌ಮೈಕಾ ಕಿತ್ತುಹೋಗಿತ್ತು, ಬೆನ್ನಿನ ಮೇಲೆ ಟೈರಿನ ಗುರುತು, ಎರಡು ಕಟ್ಟುಪಟ್ಟಿಯ ನಡುವೆ ಅಡ್ಡಕ್ಕೆ ಸೀಳು. ಡೇರೆ ಕಾಯುವ ಬಂಗಾಳಿ ತಾನಾಗಿ ಹೇಳಿದ:

"ಗಾಡಿ ಫಸ್ ಗಯಾ ಥಾ ಭಾಯಿ. ಟೈರ್ ಕೆ ನೀಚೆ ಡಾಲಾ."

ಮರಳಲ್ಲಿ ಸಿಕ್ಕ ಜೀಪಿನ ಚಕ್ರದ ಕೆಳಗೆ ಕೊಟ್ಟಿದ್ದರು. ನಾಸಿರನಿಗೆ ಅದು ಹಿಮಕ್ಕೆ ಉಪಯೋಗವಿಲ್ಲ. ಅಂಚನ್ನು ನಾನೇ ಮೊಂಡು ಮಾಡಿದ್ದೆನಲ್ಲ. ಬೇಡದವರಿಗೆ ಒತ್ತಾಯದಿಂದ ಬಡಿಸಿದ್ದು ಕೊನೆಗೆ ಎಲೆಯ ಮೂಲೆಯಲ್ಲಿ ಉಳಿಯುತ್ತದೆ, ಎಂಜಲಾಗುತ್ತದೆ. ಅದನ್ನು ಮತ್ತೆ ಮರಳಿನಲ್ಲೇ ಇಟ್ಟು, ಕಾಲಿನಲ್ಲಿ ಮುಚ್ಚಿ, ಜನರೇಟರು ಕಂಬಳಿ ಹೇರಿಕೊಂಡು ಬಂದೆ. ಮಗಳಿಗೆ ಹೇಳಲಿಲ್ಲ.

ಏಪ್ರಿಲಿನಲ್ಲಿ ಅವಳು ಹೊರಟಳು. ಏರ್‌ಪೋರ್ಟಿನಲ್ಲಿ ಭಾವ ಅವಳ ಕೈಗೆ ಗಡಿಯಾರದ ಪೆಟ್ಟಿಗೆ ಕೊಡಲು ಬಂದರು. "ನೋ ಮಾಮ, ಥ್ಯಾಂಕ್ಸ್," ಅಂದಳು. "ತಗೊಳ್ಳೆ, ತಗೊಳ್ಳೆ," ಎಂದು ಅವರು ಎರಡು ಸಲ ಒತ್ತಾಯಿಸಿ ಮೂರನೆಯದಕ್ಕೆ ಅವಳ ಬ್ಯಾಗಿನಲ್ಲಿ ತುರುಕಿದರು. ಒಳಗೆ ಹೋಗುವ ಮುಂಚೆ ಅವಳು ಅದನ್ನು ತೆಗೆದು, ಟ್ರಾಲಿಯ ಮೇಲಿಟ್ಟು, ಟ್ರಾಲಿಯನ್ನು ನಮ್ಮ ಕಡೆ ಮೆಲ್ಲಗೆ ತಳ್ಳಿ ಹೋದಳು.

ಈಗ ಅವಳು ಪುಣೆಯಲ್ಲಿ ಫಿಜಿಯೋಥೆರಪಿಸ್ಟು. ಜನರ ಮಂಡಿ, ಬೆನ್ನು ಸರಿಮಾಡುತ್ತಾಳೆ. ಭಾನುವಾರ ಫೋನು ಬರುತ್ತದೆ. ನನ್ನ ಬೀಪಿ, ಅಲ್ಲಿಯ ಮಳೆ, ಅಮ್ಮನಿಗೆ ಕೊಡಿ. ಅವಳ ಮಾತಿನಲ್ಲಿ ತಪ್ಪು ಹಿಡಿಯುವಂಥದು ಏನೂ ಇಲ್ಲ.

ಇಸ್ತ್ರಿಯ ವಾಸನೆ ಆರುವ ಹೊತ್ತಿಗೆ ಭಾವ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಕೋಲು ಹಿಡಿದಿದ್ದಾರೆ, ಅದೇ ನಗು. ಮೇಜಿನ ಬಟ್ಟೆ ನೋಡಿ, "ಹೊಸ್ದಾ? ಬಲೇ ಚೆನ್ನಾಗಿದೆ," ಅಂದರು. ತಗೊಳ್ಳಿ, ನಿಮ್ಮದೇ ಅನ್ನಲು ನಾನು ಹೋಗಲಿಲ್ಲ. ಸುಮಾ ಅಕ್ಕಿರೊಟ್ಟಿ ಹಾಕಿದಳು, ಬೆಣ್ಣೆ ಹಾಕಿದಳು. ಎರಡು ತಿಂದು ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

"ಸಾಕು ಕಣಮ್ಮ."

"ಇನ್ನೊಂದ್ ಅಣ್ಣ, ಬಿಸಿ ಇದೆ."

"ಬೇಡ ಬೇಡ."

ಸುಮಾ ಮೂರನೆಯದನ್ನು ಸಟ್ಟುಗದಲ್ಲಿ ಎತ್ತಿ ಅವರ ತಟ್ಟೆಯ ಕಡೆ ಬಗ್ಗಿದಳು. ಭಾವನ ಕೈ ಆಗಲೇ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಿತ್ತು. ನಾನು ಅವಳ ಮಣಿಕಟ್ಟು ಹಿಡಿದೆ.

"ಎರಡು ಸಲ ಬೇಡ ಅಂದ್ರಲ್ಲ," ಅಂದೆ. "ಬಿಡು."

ರೊಟ್ಟಿ ಸಟ್ಟುಗದ ಮೇಲೇ ಉಳಿಯಿತು. ಭಾವ ನನ್ನ ಮುಖ ನೋಡಿದರು, ಖಾಲಿ ತಟ್ಟೆ ನೋಡಿಕೊಂಡರು, ಕೋಲಿಗಾಗಿ ಕೈ ಚಾಚಿದರು.